ಮಿದುಳು ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ಹೆಪ್ಪು: ಗಡಿಯಾರ ನೋಡಿಕೊಂಡು ಮಾಡುವ ಕೆಲಸ

ಮಿದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಆಗುವ ರೋಗಿಯಲ್ಲಿ ರಕ್ತ ಹೆಪ್ಪುಗಟ್ಟದಿದ್ದರೂ ಕಷ್ಟ, ಗಟ್ಟಬಾರದ ಕಡೆ ಗಟ್ಟಿದರೂ ಕಷ್ಟ. ಹೊಟ್ಟೆಯೊಳಗೆ ಐವತ್ತು ಮಿ.ಲೀ. ರಕ್ತ ಸೋರಿದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ತಲೆಬುರುಡೆಯೊಳಗೆ ಅಷ್ಟೇ ರಕ್ತ ನಿಂತರೆ ಪ್ರಾಣಕ್ಕೇ ಬರಬಹುದು. ಹಾಗೆಂದು ಹೆಪ್ಪು ತಡೆಯುವ ಔಷಧ ಮುಟ್ಟದೆ ಕುಳಿತರೆ, ಅದೇ ರೋಗಿಯ ತೊಡೆಯ ಅಭಿಧಮನಿಯಲ್ಲಿ ನಾಲ್ಕನೆಯ ದಿನಕ್ಕೋ ಹತ್ತನೆಯ ದಿನಕ್ಕೋ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಅರಿವಳಿಕೆ ಮತ್ತು ತೀವ್ರ ನಿಗಾ ಘಟಕದ ಕಡೆಯಿಂದ ಈ ಕೆಲಸ ಮಾಡುವಾಗ ನಾನು ಕಂಡುಕೊಂಡದ್ದು ಇಷ್ಟು: ಯಾವ ಔಷಧ ಎಂಬುದರಲ್ಲಿ ತಪ್ಪುವುದು ಕಡಿಮೆ, ಯಾವ ಗಂಟೆಗೆ ಎಂಬುದರಲ್ಲಿ ತಪ್ಪುವುದು ಹೆಚ್ಚು. ಆದ್ದರಿಂದ ರೋಗಿಯ ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಸಮಯಗಳಿಗೆ ಜಾಗ ಬಿಡುತ್ತೇವೆ. ಹೆಪ್ಪು ತಡೆಯುವ ಔಷಧ ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ, ಚರ್ಮದ ಹೊಲಿಗೆ ಮುಗಿದದ್ದು ಯಾವಾಗ, ನಂತರದ ಸಿ.ಟಿ. ಸ್ಕ್ಯಾನ್ ಯಾವಾಗ, ಹೆಪ್ಪು ತಡೆಯುವ ಹೆಪಾರಿನ್‌ನ ಮೊದಲ ಚುಚ್ಚುಮದ್ದು ಯಾವಾಗ. ದಿನಾಂಕ ಮಾತ್ರ ಬರೆದರೆ ಸಾಲದು, ಗಂಟೆಯೂ ಬೇಕು.

ಈ ರೋಗಿಗಳಲ್ಲೇ ಹೆಪ್ಪು ಯಾಕೆ ಹೆಚ್ಚು ಎಂಬುದು ಗೊತ್ತಿದ್ದರೆ ಮುಂದಿನ ತೀರ್ಮಾನಗಳು ಸುಲಭ. ಮಿದುಳಿನ ಅಂಗಾಂಶದಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಯಥೇಚ್ಛವಾಗಿದೆ. ಹೆಪ್ಪುಗಟ್ಟುವ ಸರಣಿಯನ್ನು ಹೊತ್ತಿಸುವ ಕಿಡಿ ಅದೇ. ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರಿನ ಕೋಶಗಳು ಇದರ ಜತೆಗೆ ಪೋಡೋಪ್ಲಾನಿನ್ ಎಂಬ ಪ್ರೋಟೀನನ್ನು ಹೊರಗೆ ಒಡ್ಡುತ್ತವೆ, ಅದು ಹೆಪ್ಪುಗಟ್ಟಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳನ್ನು ನೇರವಾಗಿ ಕೆರಳಿಸುತ್ತದೆ. ಐ.ಡಿ.ಎಚ್. ಎಂಬ ಜೀನ್ ಬದಲಾದ ಗ್ಲಿಯೋಮಾಗಳಲ್ಲಿ (ಅದೇ ಕುಟುಂಬದ ಗೆಡ್ಡೆಗಳು) ಇವೆರಡೂ ಕಡಿಮೆ, ಹೆಪ್ಪಿನ ಅಪಾಯವೂ ಕಡಿಮೆ. ಇದರ ಮೇಲೆ ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್, ಬಲಗುಂದಿದ ಒಂದು ಕಾಲು, ಐದಾರು ಗಂಟೆ ಮಿಸುಕದೆ ಮಲಗುವುದು, ಮಿದುಳಿನ ಊತ ಇಳಿಸಲು ನೀರು ಹೊರಹಾಕುವ ಮ್ಯಾನಿಟಾಲ್‌ನಿಂದ ಒಣಗಿದ ದೇಹ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಸಾಧು ಗೆಡ್ಡೆ ಎಂದು ಇಲ್ಲಿ ಸಡಿಲ ಬಿಡುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಅದರಲ್ಲೂ ಕಾಲಿನ ಹೆಪ್ಪು ಸಾಕಷ್ಟು ಕಾಣುತ್ತದೆ.

ಮೊದಲ ಭೇಟಿಯಲ್ಲಿ ರಕ್ತಪರೀಕ್ಷೆಗಿಂತ ಪ್ರಶ್ನೆಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಹಲ್ಲು ಕೀಳಿಸಿದಾಗ ಮಾರನೆಯ ದಿನವೂ ರಕ್ತ ಬಂದಿತ್ತೇ, ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತದೆಯೇ, ಹೆರಿಗೆಯಲ್ಲಿ ರಕ್ತ ಕೊಡಬೇಕಾಯಿತೇ, ಮನೆಯಲ್ಲಿ ಇನ್ನು ಯಾರಿಗಾದರೂ ಹಾಗೆ ಇದೆಯೇ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆಗಳು ಎರಡೂ ಸರಿಯಿದ್ದರೂ ಸೌಮ್ಯ ವಾನ್ ವಿಲ್ಲೆಬ್ರಾಂಡ್ ಕಾಯಿಲೆ (ವಂಶಪಾರಂಪರ್ಯ ರಕ್ತಸ್ರಾವದ ಕಾಯಿಲೆ), ಪ್ಲೇಟ್‌ಲೆಟ್‌ನ ಕೆಲಸದ ದೋಷ, ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ 13ನೆಯ ಅಂಶದ ಕೊರತೆ ತಪ್ಪಿಸಿಕೊಳ್ಳುತ್ತವೆ. ಕೊನೆಯದು ವಿಶೇಷವಾಗಿ ಮೋಸ ಮಾಡುವಂಥದ್ದು: ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೆಪ್ಪು ಚೆನ್ನಾಗಿ ಕಟ್ಟಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ಕರಗಿ ರಕ್ತ ಸೋರುತ್ತದೆ.

ಪರೀಕ್ಷೆಯಲ್ಲಿ ನಮ್ಮ ಗುರಿ ಇವು: ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಮೇಲೆ, ಐ.ಎನ್.ಆರ್. (ಪಿ.ಟಿ.ಯನ್ನು ಅನುಪಾತವಾಗಿ ಹೇಳುವ ಸಂಖ್ಯೆ) 1.4 ಅಥವಾ ಅದಕ್ಕೂ ಕಡಿಮೆ, ಹೆಪ್ಪಿನ ನೂಲಾಗುವ ಪ್ರೋಟೀನ್ ಫಿಬ್ರಿನೋಜನ್ ಡೆಸಿಲೀಟರ್‌ಗೆ 200 ಮಿ.ಗ್ರಾಂ ಸುತ್ತ. ವರದಿ ಕೆಟ್ಟದಾಗಿ ಬಂದರೆ ಔಷಧಕ್ಕೆ ಕೈಹಾಕುವ ಮೊದಲು ಟ್ಯೂಬನ್ನೇ ಅನುಮಾನಿಸಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಇರಲೇಬೇಕು. ಅರ್ಧ ತುಂಬಿಸಿ ಕಳುಹಿಸಿದರೆ ಎ.ಪಿ.ಟಿ.ಟಿ. ಸುಳ್ಳೇ ಉದ್ದವಾಗುತ್ತದೆ. ಅಪಧಮನಿಯ ನಳಿಕೆಯಲ್ಲಿ ಹೆಪಾರಿನ್ ನೀರು ಬಳಸುವ ಕಡೆ, ಮೊದಲ ರಕ್ತವನ್ನು ಧಾರಾಳವಾಗಿ ಬಿಸಾಡದೆ ಮಾದರಿ ತೆಗೆದರೂ ಇದೇ ಕಥೆ. ಪ್ಲೇಟ್‌ಲೆಟ್ ಎಣಿಕೆ ಕಾರಣವಿಲ್ಲದೆ ಅರವತ್ತು ಸಾವಿರ ಎಂದು ಬಂದರೆ ಗಾಜಿನ ಪಟ್ಟಿಯ ಮೇಲೆ ನೋಡಲು ಹೇಳಿ, ಇ.ಡಿ.ಟಿ.ಎ. ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಕಟ್ಟುತ್ತವೆ, ಯಂತ್ರ ಅವನ್ನು ಎಣಿಸುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದರೆ ನಿಜವಾದ ಎಣಿಕೆ ಸಿಗುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ನಿಲ್ಲಿಸಬೇಕಾದ, ಹೆಪ್ಪು ತಡೆಯುವ ಔಷಧಗಳ ವಿಷಯ. ವಾರ್ಫರಿನ್ ಐದು ದಿನ ಮೊದಲು. ವಯಸ್ಸಾದವರಲ್ಲಿ ಐದು ದಿನವಾದರೂ ಐ.ಎನ್.ಆರ್. ಇಳಿಯದೆ ಇರುವುದುಂಟು, ಆದ್ದರಿಂದ ಹಿಂದಿನ ದಿನ ಬೆಳಗ್ಗೆಯೇ ನೋಡುತ್ತೇವೆ, 1.5 ದಾಟಿದ್ದರೆ ವಿಟಮಿನ್ ಕೆ 1ರಿಂದ 2 ಮಿ.ಗ್ರಾಂ ಬಾಯಿಯ ಮೂಲಕ. ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ನೋಡಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಅಪಿಕ್ಸಬಾನ್, ರಿವರಾಕ್ಸಬಾನ್‌ಗೆ 48 ಗಂಟೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಿದುಳಿಗೆ ನಾನು 72 ಗಂಟೆ ಕಾಯುತ್ತೇನೆ. ಡಬಿಗಾಟ್ರಾನ್ ಮೂತ್ರಪಿಂಡದಿಂದ ಹೋಗುವ ಔಷಧ, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಶೋಧಿಸುವ ವೇಗ) 50ಕ್ಕಿಂತ ಕಡಿಮೆಯಿದ್ದರೆ ನಾಲ್ಕೈದು ದಿನ ಬೇಕು. ಆಸ್ಪಿರಿನ್ ಏಳು ದಿನ, ಕ್ಲೋಪಿಡೋಗ್ರೆಲ್ ಐದರಿಂದ ಏಳು, ಪ್ರಾಸುಗ್ರೆಲ್ ಏಳರಿಂದ ಹತ್ತು. ಹೆಪಾರಿನ್‌ನದೇ ಒಂದು ಬಗೆಯಾದ ಎನಾಕ್ಸಪರಿನ್ ಚಿಕಿತ್ಸಾ ಪ್ರಮಾಣದ್ದಾದರೆ 24 ಗಂಟೆ, ತಡೆಗಟ್ಟುವ ಪ್ರಮಾಣದ್ದು 12 ಗಂಟೆ, ಹನಿಯಲ್ಲಿ ಹೋಗುವ ಸಾದಾ ಹೆಪಾರಿನ್ ನಾಲ್ಕರಿಂದ ಆರು ಗಂಟೆ. ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮಾಬ್ ಪಡೆದವರಲ್ಲಿ ಗಾಯ ಕೂಡುವುದೂ ಕಷ್ಟ, ರಕ್ತ ಸೋರುವುದೂ ಹೆಚ್ಚು, ಹೆಪ್ಪೂ ಹೆಚ್ಚು. ತುರ್ತಲ್ಲದಿದ್ದರೆ ಕೊನೆಯ ಡೋಸ್‌ನಿಂದ 28 ದಿನ. ಮೀನೆಣ್ಣೆ, ಬೆಳ್ಳುಳ್ಳಿ ಗುಳಿಗೆ, ಗಿಂಕೋ ಇವುಗಳನ್ನು ರೋಗಿಗಳು ಔಷಧ ಎಂದು ಎಣಿಸುವುದೇ ಇಲ್ಲ, ಹೆಸರು ಹಿಡಿದು ಕೇಳಬೇಕು. ತಲೆನೋವಿಗೆ ತಾವೇ ತೆಗೆದುಕೊಂಡ ನೋವಿನ ಮಾತ್ರೆಯನ್ನೂ ಹಾಗೆಯೇ, ಗೆಡ್ಡೆ ಇರುವವರಿಗೆ ತಲೆನೋವು ಇದ್ದೇ ಇರುತ್ತದೆ.

ಹೃದಯದ ಕವಾಟ ಬದಲಿಸಿಕೊಂಡವರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಬೇರೆಯೇ ಅಧ್ಯಾಯ. ಅಲ್ಲಿ ಹೃದ್ರೋಗ ತಜ್ಞರ ಜತೆ ಕುಳಿತು ದಿನದ ಲೆಕ್ಕ ಹಾಕದೆ ಒಂದು ಮಾತ್ರೆಯನ್ನೂ ನಿಲ್ಲಿಸುವುದಿಲ್ಲ.

ಕಾಯಲು ಸಮಯವೇ ಇಲ್ಲದ ರೋಗಿಗೆ, ಅಂದರೆ ಗೆಡ್ಡೆಯೊಳಗೆ ರಕ್ತ ಸೋರಿ ಪ್ರಜ್ಞೆ ಕುಸಿಯುತ್ತಿರುವವರಿಗೆ, ವಾರ್ಫರಿನ್ ಪ್ರಭಾವ ಅಳಿಸಲು ಹೆಪ್ಪುಗಟ್ಟಿಸುವ ನಾಲ್ಕು ಅಂಶಗಳ ಸಾಂದ್ರವಾದ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕೊಡುತ್ತೇವೆ: ಐ.ಎನ್.ಆರ್. 2ರಿಂದ 4ರ ಒಳಗಿದ್ದರೆ ಕೆ.ಜಿ.ಗೆ 25 ಯೂನಿಟ್, 4ರಿಂದ 6 ಇದ್ದರೆ 35, ಅದಕ್ಕೂ ಮೇಲಿದ್ದರೆ 50. ಜತೆಗೆ ವಿಟಮಿನ್ ಕೆ 10 ಮಿ.ಗ್ರಾಂ ರಕ್ತನಾಳಕ್ಕೆ, 20ರಿಂದ 30 ನಿಮಿಷದಲ್ಲಿ ನಿಧಾನವಾಗಿ. ಐ.ಎನ್.ಆರ್. ಕೂಡಲೇ ಇಳಿದದ್ದು ಕಂಡು ವಿಟಮಿನ್ ಕೆ ಮರೆಯುವುದು ಪದೇ ಪದೇ ಆಗುವ ತಪ್ಪು. ಕೊಟ್ಟ 7ನೆಯ ಅಂಶದ ಅರ್ಧಾಯುಷ್ಯ ಸುಮಾರು ಆರು ಗಂಟೆ; ಯಕೃತ್ತು ತಾನೇ ತಯಾರಿಸಲು ಶುರುಮಾಡದಿದ್ದರೆ ಹೊಲಿಗೆ ಹಾಕಿ ಮುಗಿಸಿದ ಮೇಲೆ ನಡುರಾತ್ರಿ ಐ.ಎನ್.ಆರ್. ಮತ್ತೆ ಏರುತ್ತದೆ. ಪ್ಲಾಸ್ಮಾದಿಂದ ಇದೇ ಕೆಲಸ ಮಾಡಿಸಲು ಕೆ.ಜಿ.ಗೆ 10ರಿಂದ 15 ಮಿ.ಲೀ. ಬೇಕು, ಕರಗಿಸಿ ತರಲು ಹೊತ್ತು ಹಿಡಿಯುತ್ತದೆ, ಊದಿದ ಮಿದುಳಿನ ರೋಗಿಗೆ ಅಷ್ಟು ದ್ರವವೂ ಹೊರೆ. ಡಬಿಗಾಟ್ರಾನ್‌ಗೆ ಇಡಾರುಸಿಝುಮಾಬ್ 5 ಗ್ರಾಂ. ಸಾದಾ ಹೆಪಾರಿನ್‌ಗೆ ಪ್ರೋಟಮಿನ್, ಕಳೆದ ಎರಡು ಮೂರು ಗಂಟೆಯಲ್ಲಿ ಹೋದ ಪ್ರತಿ 100 ಯೂನಿಟ್‌ಗೆ 1 ಮಿ.ಗ್ರಾಂ, ಒಟ್ಟು 50 ಮಿ.ಗ್ರಾಂ ಮೀರದಂತೆ. ಎನಾಕ್ಸಪರಿನ್ ಅನ್ನು ಪ್ರೋಟಮಿನ್ ಅರ್ಧಂಬರ್ಧ ಮಾತ್ರ ಅಳಿಸುತ್ತದೆ, ಅದನ್ನು ನೆಚ್ಚಿಕೊಂಡು ಧೈರ್ಯ ಮಾಡಬಾರದು.

ಸೆಳವಿನ ಔಷಧಗಳನ್ನು ಈ ಚರ್ಚೆಯಲ್ಲಿ ಬಿಟ್ಟುಬಿಡುವುದೇ ರೂಢಿ, ಬಿಡಬಾರದು. ವ್ಯಾಲ್ಪ್ರೋಯೇಟ್ ಪ್ಲೇಟ್‌ಲೆಟ್ ಇಳಿಸುತ್ತದೆ, ಫಿಬ್ರಿನೋಜನ್ ತಗ್ಗಿಸುತ್ತದೆ, ಕೆಲವರಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶವನ್ನೂ ಕೆಡಿಸುತ್ತದೆ. ದೊಡ್ಡ ಗೆಡ್ಡೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ಸಮಯವಿದ್ದಾಗಲೇ ಲೆವೆಟಿರಾಸಿಟಾಮ್‌ಗೆ ಬದಲಿಸಲು ನರರೋಗ ತಜ್ಞರನ್ನು ಕೇಳುತ್ತೇವೆ. ಫೆನಿಟಾಯಿನ್ ತೊಂದರೆ ಬೇರೆ ಬಗೆಯದು, ಅದು ಮುಂದೆ ಬರುತ್ತದೆ.

ಪ್ಲೇಟ್‌ಲೆಟ್ ಕೊಡಬೇಕಿದ್ದರೆ ಹಿಂದಿನ ರಾತ್ರಿ ಕೊಟ್ಟು ಮಲಗಬೇಡಿ. ಒಬ್ಬ ದಾನಿಯಿಂದ ಯಂತ್ರದಲ್ಲಿ ತೆಗೆದ ಒಂದು ಚೀಲ 30ರಿಂದ 60 ಸಾವಿರ ಏರಿಸುತ್ತದೆ. ಚರ್ಮ ಕತ್ತರಿಸುವ ಸ್ವಲ್ಪ ಮೊದಲು ಕೊಟ್ಟು, ಕೊಟ್ಟ ಮೇಲಿನ ಎಣಿಕೆ ನೋಡಿ ಮುಂದೆ ಹೋಗಿ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಗೆ ಡೆಸ್ಮೋಪ್ರೆಸಿನ್ ಕೆ.ಜಿ.ಗೆ 0.3 ಮೈಕ್ರೋಗ್ರಾಂ ಎಂದು ಕಲಿತಿರುತ್ತೇವೆ. ಮಿದುಳಿನ ರೋಗಿಯಲ್ಲಿ ಅದು ನೀರು ಹಿಡಿದಿಟ್ಟು ಸೋಡಿಯಂ ಇಳಿಸಿ ಊತ ಹೆಚ್ಚಿಸಬಲ್ಲದು, ಆದ್ದರಿಂದ ವಾನ್ ವಿಲ್ಲೆಬ್ರಾಂಡ್ ಅಂಶದ ಸಾಂದ್ರವೇ ನನ್ನ ಮೊದಲ ಆಯ್ಕೆ.

ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಮೊದಲ ಕೆಲಸ ಕಾಲಿಗೆ ಗಾಳಿ ತುಂಬುವ ಪಟ್ಟಿ. ಅರಿವಳಿಕೆ ಕೊಡುವ ಮೊದಲೇ ಕಟ್ಟಿ ಯಂತ್ರ ಚಾಲೂ ಮಾಡಿ, ಏಕೆಂದರೆ ಮೀನಖಂಡದ ಸ್ನಾಯು ಸಡಿಲವಾದ ಕ್ಷಣದಿಂದಲೇ ರಕ್ತ ಅಲ್ಲಿ ನಿಲ್ಲುತ್ತದೆ. ಆಗಲೇ ಮೂರು ದಿನಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಇದ್ದವರಾದರೆ ಮೊದಲು ಕಾಲಿನ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹೆಪ್ಪು ಇರುವ ಕಾಲನ್ನು ಪಟ್ಟಿ ಕಟ್ಟಿ ಹಿಂಡಬಾರದು. ಬಿಗಿ ಕಾಲುಚೀಲವನ್ನು ಮಾತ್ರ ನಂಬಿ ಕೂರುವುದನ್ನು ನಾವು ಬಿಟ್ಟಿದ್ದೇವೆ.

ಮೈ ಬಿಸಿ 36 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಬಿಸಿಗಾಳಿಯ ಹೊದಿಕೆ. ತಣ್ಣಗಾದ ದೇಹದಲ್ಲಿ ಹೆಪ್ಪಿನ ಕಿಣ್ವಗಳು ನಿಧಾನವಾಗುತ್ತವೆ, ಆದರೆ ಪ್ರಯೋಗಾಲಯ ಮಾದರಿಯನ್ನು 37 ಡಿಗ್ರಿಗೆ ಬಿಸಿಮಾಡಿಯೇ ಪರೀಕ್ಷಿಸುತ್ತದೆ. ಕಣ್ಣೆದುರು ರಕ್ತ ಒಸರುತ್ತಿದ್ದು ವರದಿ ಮಾತ್ರ ಸರಿಯಿದೆ ಎಂದು ಬಂದರೆ ಥರ್ಮಾಮೀಟರ್ ನೋಡಿ. ರಕ್ತ ಕೊಡುತ್ತ ಹೋದಂತೆ ಚೀಲದ ಸಿಟ್ರೇಟ್ ಕ್ಯಾಲ್ಸಿಯಂ ನುಂಗುತ್ತದೆ, ಅಯಾನೀಕೃತ ಕ್ಯಾಲ್ಸಿಯಂ 1.1 ಮಿಲಿಮೋಲ್‌ಗಿಂತ ಮೇಲೆ ಇರಿಸಿಕೊಳ್ಳಬೇಕು. ಸ್ಟಾರ್ಚ್ ದ್ರಾವಣಗಳನ್ನು ನಾನು ಬಳಸುವುದಿಲ್ಲ, ಅವು ಫಿಬ್ರಿನ್ ಹೆಣೆಯುವುದನ್ನೂ ಪ್ಲೇಟ್‌ಲೆಟ್ ಅಂಟುವುದನ್ನೂ ಕೆಡಿಸುತ್ತವೆ.

ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ದೊಡ್ಡ ಮೆನಿಂಜಿಯೋಮಾಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ತಲೆಬುರುಡೆಯ ಬುಡದಲ್ಲಿ ಅಥವಾ ದೊಡ್ಡ ಸೈನಸ್ಸಿನ (ಮಿದುಳಿನ ರಕ್ತ ಹೊರಗೆ ಸಾಗಿಸುವ ಅಭಿಧಮನಿ) ಪಕ್ಕ ಇರುವಲ್ಲಿ. ಚರ್ಮ ಕತ್ತರಿಸುವ ಮೊದಲು ಕೆ.ಜಿ.ಗೆ 10ರಿಂದ 20 ಮಿ.ಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ ಮುಚ್ಚುವವರೆಗೆ ಗಂಟೆಗೆ ಕೆ.ಜಿ.ಗೆ 1 ಮಿ.ಗ್ರಾಂ. ಪ್ರಮಾಣ ಹೆಚ್ಚಿದರೆ ಸೆಳವು ಬರುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಕಡಿಮೆ ಪ್ರಮಾಣದಲ್ಲೂ ಬರಬಹುದು. ತೆರೆದ ಮಿದುಳಿನ ಮೇಲೆ ಇದನ್ನು ಸುರಿಯುವುದು ಸಲ್ಲದು. ಇದರ ಸೀಸೆಯನ್ನು ಬೆನ್ನುಹುರಿ ಅರಿವಳಿಕೆಯ ಸೀಸೆಗಳ ಹತ್ತಿರ ಇಡುವುದಂತೂ ಕೂಡದೇ ಕೂಡದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವೇ ಸಂಭವಿಸಬಹುದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಇತ್ತೀಚೆಗೆ ಹೆಪ್ಪು ಆದವರಿಗೆ ನಾನು ಕೊಡುವುದಿಲ್ಲ.

ಗಾಯದೊಳಗೆ ಇಡುವ ವಸ್ತುಗಳು ಶಸ್ತ್ರಚಿಕಿತ್ಸಕರ ಕೈಯಲ್ಲಿರುವ ವಿಷಯ, ಆದರೂ ಹಿಂದೆ ನಿಂತು ನೋಡುವವರಿಗೂ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ. ಸರ್ಜಿಸೆಲ್‌ನಂಥ ಆಕ್ಸಿಡೀಕೃತ ಸೆಲ್ಯುಲೋಸ್ ಆಮ್ಲೀಯ, ಅದನ್ನು ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್‌ನಲ್ಲಿ ನೆನೆಸಿದರೆ ಥ್ರಾಂಬಿನ್ ಕೆಲಸ ಕಳೆದುಕೊಳ್ಳುತ್ತದೆ. ಥ್ರಾಂಬಿನ್ ಬೇಕಿದ್ದರೆ ಜೆಲಾಟಿನ್ ಸ್ಪಾಂಜ್. ಆ ಸ್ಪಾಂಜ್ ನೀರು ಕುಡಿದು ಉಬ್ಬುತ್ತದೆ. ಕಣ್ಣಿನ ನರದ ಪಕ್ಕದಲ್ಲೋ ಬಿಗಿಯಾದ ಸಂದಿಯಲ್ಲೋ ತುರುಕಿ ಬಿಟ್ಟರೆ ಅದೇ ಇನ್ನೊಂದು ಗೆಡ್ಡೆಯಂತೆ ಒತ್ತುತ್ತದೆ, ರಕ್ತ ನಿಂತ ಮೇಲೆ ಹೆಚ್ಚಾದದ್ದನ್ನು ತೊಳೆದು ತೆಗೆಯಬೇಕು. ಫ್ಲೋಸೀಲ್‌ನಂಥ ಹರಿಯುವ ಜೆಲಾಟಿನ್–ಥ್ರಾಂಬಿನ್ ಮಿಶ್ರಣವನ್ನು ತೆರೆದ ಸೈನಸ್ಸಿನೊಳಕ್ಕೆ ಒತ್ತಿದರೆ ಸೈನಸ್ಸೇ ಹೆಪ್ಪುಗಟ್ಟುತ್ತದೆ. ಮೂಳೆಮೇಣವೂ ಹಾಗೆ ಒಳಕ್ಕೆ ಜಾರಬಲ್ಲದು. ಮುಚ್ಚುವ ಮೊದಲು ನಾವು ಮಾಡುವ ಪರೀಕ್ಷೆ ಸರಳ: ರಕ್ತದೊತ್ತಡವನ್ನು ರೋಗಿಯ ಎಂದಿನ ಮಟ್ಟಕ್ಕೆ ತಂದು, ಶ್ವಾಸಮಾರ್ಗದ ಒತ್ತಡವನ್ನು ಸುಮಾರು ಹತ್ತು ಸೆಕೆಂಡ್ 25–30 ಸೆಂ.ಮೀ. ನೀರಿನ ಮಟ್ಟದಲ್ಲಿ ಹಿಡಿಯುವುದು. ಒತ್ತಡ ತಗ್ಗಿರುವಾಗ ಒಣಗಿದಂತೆ ಕಂಡ ಗಾಯ, ಎಚ್ಚರವಾಗಿ ಕೆಮ್ಮಿದಾಗ ಸೋರುವುದಕ್ಕಿಂತ ಈಗಲೇ ಸೋರಲಿ.

ಕೆಲವೊಮ್ಮೆ ಗೆಡ್ಡೆಯಿಂದ ಬಿಡುಗಡೆಯಾದ ಟಿಶ್ಯೂ ಫ್ಯಾಕ್ಟರ್ ಇಡೀ ದೇಹದ ಹೆಪ್ಪಿನ ಸಾಮಗ್ರಿಯನ್ನು ತಿಂದುಹಾಕುತ್ತದೆ. ಮೂಗಿನ ನಳಿಕೆ, ಸೂಜಿ ಚುಚ್ಚಿದ ಜಾಗ, ಚರ್ಮದ ಅಂಚು ಎಲ್ಲ ಕಡೆ ಒಸರಲು ಶುರುವಾಗಿ, ಸುರಿದ ರಕ್ತ ಬಟ್ಟಲಲ್ಲಿ ಹೆಪ್ಪಾಗದೆ ನೀರಿನಂತೆ ನಿಂತರೆ ಇದೇ ಎಂದು ತಿಳಿಯಿರಿ. ಮೊದಲು ಕುಸಿಯುವುದು ಫಿಬ್ರಿನೋಜನ್. ಹೆಪ್ಪು ಕಟ್ಟುವ ಬಗೆಯನ್ನು ಅಲ್ಲೇ ಗ್ರಾಫ್‌ನಲ್ಲಿ ತೋರಿಸುವ ಥ್ರಾಂಬೋಎಲಾಸ್ಟೋಗ್ರಾಂ ಇದ್ದರೆ ಹತ್ತು ಹದಿನೈದು ನಿಮಿಷದಲ್ಲಿ ದಿಕ್ಕು ಸಿಗುತ್ತದೆ, ಪ್ರಯೋಗಾಲಯದ ವರದಿಗೆ ಅದರ ಎರಡು ಮೂರು ಪಟ್ಟು ಕಾಯಬೇಕು. ಫಿಬ್ರಿನೋಜನ್ 150ಕ್ಕಿಂತ ಕೆಳಗೆ ಹೋದರೆ, ಅದು ಸಾಂದ್ರವಾಗಿರುವ ಕ್ರಯೋಪ್ರೆಸಿಪಿಟೇಟ್ ಹತ್ತು ಯೂನಿಟ್. ಹೊಸದಾಗಿ ಬಂದವರು ಪ್ಲಾಸ್ಮಾ ಮೇಲೆ ಪ್ಲಾಸ್ಮಾ ತರಿಸುತ್ತಾರೆ. ಪ್ಲಾಸ್ಮಾದಲ್ಲಿ ಫಿಬ್ರಿನೋಜನ್ ತೆಳುವಾಗಿರುವುದರಿಂದ ಕುಸಿದ ಮಟ್ಟವನ್ನು ಅದರಿಂದಲೇ ಮೇಲೆತ್ತಲಾಗದು.

ಹೊಲಿಗೆ ಮುಗಿದ ಮೇಲಿನ ಮೊದಲ ಆರು ಗಂಟೆ ಅತ್ಯಂತ ಎಚ್ಚರದ್ದು, ರಕ್ತ ನಿಂತು ಒತ್ತಡ ಆಗುವವರಲ್ಲಿ ಬಹುತೇಕರು ಸುಳಿವು ಕೊಡುವುದು ಆಗಲೇ. ಮೇಲಿನ ರಕ್ತದೊತ್ತಡ 140 ಮೀರದಂತೆ 24 ಗಂಟೆ ಹಿಡಿಯುತ್ತೇವೆ, ಒತ್ತಡ ಇಳಿಸುವ ಲ್ಯಾಬೆಟಲಾಲ್ 10 ಮಿ.ಗ್ರಾಂ ಕೈಗೆಟಕುವಲ್ಲೇ ಇರುತ್ತದೆ. ಎಚ್ಚರವಾಗಿ ಮಾತಾಡುತ್ತಿದ್ದ ರೋಗಿ ತೂಕಡಿಸಲು ಶುರುಮಾಡಿದರೆ ಅರಿವಳಿಕೆಯ ಮಂಪರು ಎಂದು ಸಮಾಧಾನ ಮಾಡಿಕೊಳ್ಳುವುದು ಬೇಡ. ಮಂಪರು ಇಳಿಯುತ್ತ ಹೋಗಬೇಕು, ಏರುವುದಿಲ್ಲ. ಸಿ.ಟಿ.ಗೆ ಕರೆದೊಯ್ಯಿರಿ.

ಈಗ ಹೆಪಾರಿನ್ ಶುರುಮಾಡುವ ಗಂಟೆ. 1998ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಒಂದರಲ್ಲಿ ಎನಾಕ್ಸಪರಿನ್ ಅನ್ನು ಅರಿವಳಿಕೆ ಕೊಡುವ ಹೊತ್ತಿಗೇ ಶುರುಮಾಡಿದರು, ತಲೆಯೊಳಗಿನ ರಕ್ತಸ್ರಾವ ಹೆಚ್ಚಿ ಅಧ್ಯಯನವನ್ನೇ ಅವಧಿಗೆ ಮುಂಚೆ ನಿಲ್ಲಿಸಿದರು. ಇನ್ನೊಂದರಲ್ಲಿ ಅದೇ ಔಷಧ, ದಿನಕ್ಕೆ 40 ಮಿ.ಗ್ರಾಂ, ಶಸ್ತ್ರಚಿಕಿತ್ಸೆಯಾದ 24 ಗಂಟೆಯೊಳಗೆ ಶುರು. ಕಾಲುಚೀಲ ಮಾತ್ರ ಇದ್ದವರಲ್ಲಿ ಶೇ 32 ಮಂದಿಗೆ ಹೆಪ್ಪು ಕಂಡರೆ ಔಷಧ ಸೇರಿದವರಲ್ಲಿ ಶೇ 17, ದೊಡ್ಡ ರಕ್ತಸ್ರಾವ ಎರಡೂ ಗುಂಪಿನಲ್ಲಿ ಒಂದೇ ಸಮ. ಆ ಹೆಪ್ಪುಗಳಲ್ಲಿ ಬಹಳಷ್ಟು ಚಿತ್ರ ತೆಗೆದಾಗ ಮಾತ್ರ ಕಂಡವು ಎಂಬುದನ್ನೂ ಮರೆಯಬಾರದು. ನಮ್ಮ ಪದ್ಧತಿ ಹೀಗಿದೆ: ಮರುದಿನ ಬೆಳಗ್ಗೆ ಸಿ.ಟಿ., ಗೆಡ್ಡೆ ತೆಗೆದ ಜಾಗ ಶುದ್ಧವಾಗಿದ್ದರೆ ಅದೇ ಸಂಜೆ ಆರಕ್ಕೆ ಮೊದಲ 40 ಮಿ.ಗ್ರಾಂ. ಹೊಲಿಗೆಯಿಂದ ಲೆಕ್ಕ ಹಾಕಿದರೆ 24ರಿಂದ 36 ಗಂಟೆ. ಗುಳಿಯ ಗೋಡೆಗೆ ಬಳಿದುಕೊಂಡಷ್ಟು ರಕ್ತ ಇದ್ದರೆ ಅದಕ್ಕಾಗಿ ತಡೆಯುವುದಿಲ್ಲ. ಮಿದುಳನ್ನು ಒತ್ತುವ ರಕ್ತದ ಗಡ್ಡೆ ಇದ್ದರೆ ಔಷಧ ಶುರುಮಾಡದೆ, 24 ಗಂಟೆ ಬಿಟ್ಟು ಮತ್ತೆ ಚಿತ್ರ. ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕೆಳಗಿದ್ದರೆ ಸಾದಾ ಹೆಪಾರಿನ್ 5000 ಯೂನಿಟ್ ಹನ್ನೆರಡು ಗಂಟೆಗೊಮ್ಮೆ. ಮೆಲನೋಮಾ, ಮೂತ್ರಪಿಂಡ, ಥೈರಾಯ್ಡ್ ಇವುಗಳಿಂದ ಮಿದುಳಿಗೆ ಹರಡಿದ ಗೆಡ್ಡೆಗಳು ತಾವಾಗಿಯೇ ರಕ್ತ ಸುರಿಸುವ ಜಾತಿ, ಅಲ್ಲಿ ನಾನು 48 ಗಂಟೆಯ ಕಡೆಗೆ ವಾಲುತ್ತೇನೆ.

ಸಂಜೆ ಆರು ಎಂದು ಕಟ್ಟುನಿಟ್ಟು ಮಾಡಲು ಕಾರಣವಿದೆ. ಗಾಯದ ದ್ರವ ಹೊರಬಿಡುವ ಡ್ರೈನ್ ತೆಗೆಯುವುದು, ಸೊಂಟದಿಂದ ದ್ರವ ತೆಗೆಯುವ ನಳಿಕೆ ಕೀಳುವುದು ಎಲ್ಲ ಬೆಳಗಿನ ಸುತ್ತಿನಲ್ಲಿ ನಡೆಯುತ್ತದೆ. ಕೊನೆಯ ಡೋಸ್‌ನಿಂದ ಕನಿಷ್ಠ 12 ಗಂಟೆ ಕಳೆದಿರಬೇಕು, ತೆಗೆದ ಮೇಲೆ ಮುಂದಿನ ಡೋಸ್‌ಗೆ ಕನಿಷ್ಠ ನಾಲ್ಕು ಗಂಟೆ. ಸಂಜೆ ಆರರ ಚುಚ್ಚುಮದ್ದಿಗೆ ಬೆಳಗಿನ ಎಂಟು ಗಂಟೆ ತಾನಾಗಿಯೇ ಹೊಂದಿಕೊಳ್ಳುತ್ತದೆ, ಒಂದು ಡೋಸ್ ಕೂಡ ತಪ್ಪುವುದಿಲ್ಲ. ಬೆಳಗ್ಗೆ ಚುಚ್ಚುವ ವಾರ್ಡುಗಳಲ್ಲಿ ಡ್ರೈನ್‌ಗಾಗಿ ಡೋಸ್ ಬಿಟ್ಟು, ಬಿಟ್ಟದ್ದನ್ನು ಮತ್ತೆ ಶುರುಮಾಡಲು ಮರೆತು, ಎರಡು ಮೂರು ದಿನ ಹಾಗೇ ಕಳೆಯುತ್ತದೆ. ಕಾಲಿನ ಪಟ್ಟಿಯ ಗತಿಯೂ ಇದೇ. ಸ್ನಾನಕ್ಕೋ ವ್ಯಾಯಾಮಕ್ಕೋ ಬಿಚ್ಚಿದ್ದು ಮಂಚದ ಕೆಳಗೆ ನೇತಾಡುತ್ತಿರುತ್ತದೆ. ದಿನಕ್ಕೆ 18 ಗಂಟೆಯಾದರೂ ಕಾಲ ಮೇಲಿರಬೇಕು, ಸುತ್ತಿಗೆ ಹೋದಾಗ ಹೊದಿಕೆ ಸರಿಸಿ ನೋಡುವುದೊಂದೇ ದಾರಿ.

ಇಷ್ಟು ಮಾಡಿದರೂ ಕೆಲವರಲ್ಲಿ ಹೆಪ್ಪು ಆಗುತ್ತದೆ. ಒಂದು ಕಾಲು ಊದಿದೆ, ನಾಡಿ ಕಾರಣವಿಲ್ಲದೆ 110, ಆಮ್ಲಜನಕ 92ಕ್ಕೆ ಇಳಿದಿದೆ ಎಂದರೆ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆ ಕಳುಹಿಸಿ ಹೊತ್ತು ಕಳೆಯಬೇಡಿ, ಶಸ್ತ್ರಚಿಕಿತ್ಸೆ ಆದ ಯಾರಲ್ಲೂ ಅದು ಏರಿಯೇ ಇರುತ್ತದೆ. ಕಾಲಿಗೆ ಡಾಪ್ಲರ್, ಎದೆಗೆ ಸಿ.ಟಿ. ಆಂಜಿಯೋಗ್ರಾಂ. ಮೊದಲ ಒಂದೆರಡು ವಾರದೊಳಗೆ ಪೂರ್ಣ ಪ್ರಮಾಣದ ಚಿಕಿತ್ಸೆ ಬೇಕಾದರೆ ಸಾದಾ ಹೆಪಾರಿನ್ ಹನಿಯನ್ನೇ ಆರಿಸುತ್ತೇನೆ: ಆರಂಭದ ದೊಡ್ಡ ಡೋಸ್ ಇಲ್ಲದೆ, ಗಂಟೆಗೆ ಕೆ.ಜಿ.ಗೆ 12 ಯೂನಿಟ್, ಆರು ಗಂಟೆಗೊಮ್ಮೆ ಪರೀಕ್ಷೆ, ಹೆಪಾರಿನ್ ಪ್ರಭಾವ ತೋರಿಸುವ ಆಂಟಿ-ಟೆನ್-ಎ ಮಟ್ಟ 0.3ರಿಂದ 0.5. ನಿಲ್ಲಿಸಿದ ಒಂದೂವರೆ ಗಂಟೆಯಲ್ಲಿ ಅರ್ಧ ಇಳಿಯುವುದೂ ಪ್ರೋಟಮಿನ್‌ಗೆ ಪೂರ್ತಿ ಮಣಿಯುವುದೂ ಇದರ ಗುಣ. ಶುರುಮಾಡುವ ಮೊದಲು ಒಂದು ತಲೆಯ ಸಿ.ಟಿ., ಗುರಿ ಮುಟ್ಟಿದ 24 ಗಂಟೆಗೆ ಇನ್ನೊಂದು. ತೊಡೆಯ ಮೇಲ್ಭಾಗದಲ್ಲಿ ಹೆಪ್ಪಿದ್ದು ಔಷಧ ಕೊಡಲಾಗದ ಸ್ಥಿತಿಯಿದ್ದರೆ ದೊಡ್ಡ ಅಭಿಧಮನಿಗೆ ತೆಗೆಯಬಹುದಾದ ಜಾಲರಿ. ಹಾಕುವ ದಿನವೇ ತೆಗೆಯುವ ದಿನವನ್ನೂ ಬರೆದಿಡಬೇಕು, ಮರೆತರೆ ಜಾಲರಿಯೇ ಹೆಪ್ಪಿಗೆ ನೆಲೆಯಾಗುತ್ತದೆ. ಮೀನಖಂಡದಲ್ಲಿ ಮಾತ್ರ ಚಿಕ್ಕದೊಂದು ಹೆಪ್ಪಿದ್ದರೆ ವಾರದೊಳಗೆ ಮತ್ತೆ ಡಾಪ್ಲರ್ ಮಾಡಿ ಮೇಲಕ್ಕೆ ಬೆಳೆದಿದೆಯೇ ನೋಡಿದರೆ ಆಗುತ್ತದೆ. ಹೆಪ್ಪು ಕರಗಿಸುವ ಔಷಧಕ್ಕೆ ಇಲ್ಲಿ ಜಾಗವಿಲ್ಲ. ಹೃದಯ ನಿಲ್ಲುವಂಥ ದೊಡ್ಡ ಹೆಪ್ಪಾದರೆ ನಳಿಕೆಯಿಂದ ಅದನ್ನು ಎಳೆದು ತೆಗೆಯುವವರನ್ನು ಕೂಡಲೇ ಕರೆಯಬೇಕು.

ಹೆಪಾರಿನ್ ಶುರುವಾದ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಎರಡು ಮೂರು ದಿನಕ್ಕೊಮ್ಮೆ ಪ್ಲೇಟ್‌ಲೆಟ್ ಎಣಿಕೆ. ಐದರಿಂದ ಹತ್ತನೆಯ ದಿನದ ನಡುವೆ ಅರ್ಧಕ್ಕಿಂತ ಹೆಚ್ಚು ಕುಸಿದರೆ ಹೆಪಾರಿನ್‌ನಿಂದಲೇ ಬರುವ ಪ್ಲೇಟ್‌ಲೆಟ್ ಕುಸಿತ ಇರಬಹುದು, ಅದರಲ್ಲಿ ರಕ್ತ ಸೋರುವುದು ಅಪರೂಪ, ಹೆಪ್ಪುಗಟ್ಟುವುದೇ ಹೆಚ್ಚು. ಎಲ್ಲ ಹೆಪಾರಿನ್ ನಿಲ್ಲಿಸಬೇಕು, ನಳಿಕೆ ತೊಳೆಯುವ ನೀರಿನಲ್ಲಿರುವುದನ್ನೂ ಸೇರಿಸಿ, ಬದಲಿಗೆ ಹೆಪಾರಿನ್ ಜಾತಿಗೆ ಸೇರದ ಆರ್ಗಟ್ರೋಬಾನ್.

ಮನೆಗೆ ಹೋಗುವಾಗ. ಚೆನ್ನಾಗಿ ನಡೆದಾಡುವವರಿಗೆ ಅಲ್ಲಿಗೆ ಚುಚ್ಚುಮದ್ದು ಮುಗಿಯಿತು. ಕಾಲು ಬಲಗುಂದಿರುವ ಗ್ಲಿಯೊಬ್ಲಾಸ್ಟೋಮಾ ರೋಗಿಗಳಿಗೆ ಒಟ್ಟು 28 ದಿನದವರೆಗೆ ಮುಂದುವರಿಸುತ್ತೇನೆ. ತಿಂಗಳುಗಟ್ಟಲೆ ಕೊಡುವುದರಿಂದ ಲಾಭವೆಂದು ತೋರಿಸಲು ಆಗಿಲ್ಲ. ಹೆಪ್ಪಿಗೆ ಚಿಕಿತ್ಸೆ ಪಡೆಯುತ್ತಿರುವವರನ್ನು ಮಾತ್ರೆಗೆ ಬದಲಿಸುವಾಗ ಫೆನಿಟಾಯಿನ್, ಕಾರ್ಬಮಜೆಪಿನ್ ಪಟ್ಟಿಯಲ್ಲಿವೆಯೇ ನೋಡಿ, ಅವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಅಪಿಕ್ಸಬಾನ್, ರಿವರಾಕ್ಸಬಾನ್ ಎರಡನ್ನೂ ರಕ್ತದಿಂದ ಬೇಗ ಖಾಲಿ ಮಾಡುತ್ತವೆ, ಮಾತ್ರೆ ನುಂಗಿದ್ದಷ್ಟೇ ಬರುತ್ತದೆ. ಮುಂದೆ ಕ್ಯಾನ್ಸರ್ ಔಷಧ ಟೆಮೊಜೊಲೊಮೈಡ್ ಶುರುವಾದಾಗ ಪ್ಲೇಟ್‌ಲೆಟ್ ಇಳಿಯಬಹುದು: ಹೆಪ್ಪು ತಡೆಯುವ ಔಷಧ 50 ಸಾವಿರದ ಮೇಲೆ ಪೂರ್ಣ ಪ್ರಮಾಣ, 25ರಿಂದ 50 ಸಾವಿರದ ನಡುವೆ ಅರ್ಧ, ಅದಕ್ಕೂ ಕೆಳಗೆ ನಿಲ್ಲಿಸಿ ಕರೆ ಮಾಡಿ ಎಂದು ಬಿಡುಗಡೆ ಚೀಟಿಯಲ್ಲೇ ಬರೆದು, ಎಣಿಕೆ ಮಾಡಿಸಬೇಕಾದ ವಾರಗಳನ್ನೂ ನಮೂದಿಸಿ ಕೊಡುತ್ತೇವೆ.